ಕಂಡದ್ದೇ ಬೇರೆ, ಊಹಿಸಿದ್ದೇ ಬೇರೆ: ಗಾಯಾಳುವಿನ ಪರೀಕ್ಷೆಯ ಭಾಷೆ

ಶಾಲೆಯ ಮೈದಾನದಲ್ಲಿ ಕಬಡ್ಡಿ ಆಡುತ್ತಿದ್ದ ಹುಡುಗನೊಬ್ಬ ಅಂಗೈ ಊರಿ ಬಿದ್ದನೆಂದು ಇಟ್ಟುಕೊಳ್ಳೋಣ. ಕ್ಷಣಾರ್ಧದಲ್ಲಿ ಸುತ್ತ ಜನ ಸೇರುತ್ತಾರೆ. ಒಬ್ಬ 'ಕೈ ಮುರಿದೇ ಹೋಗಿದೆ' ಎನ್ನುತ್ತಾನೆ. ಇನ್ನೊಬ್ಬ 'ಛೆ, ಬರೀ ಉಳುಕು, ಒಂದು ಸಲ ಎಳೆದರೆ ಸರಿಹೋಗುತ್ತದೆ' ಎನ್ನುತ್ತಾನೆ. ಮೂರನೆಯವನ ಪ್ರಕಾರ 'ಏನೂ ಆಗಿಲ್ಲ, ಹುಡುಗ ಹೆದರಿದ್ದಾನೆ ಅಷ್ಟೆ'. ಮೂವರೂ ತೀರ್ಪು ಕೊಟ್ಟಾಯಿತು. ಆದರೆ ಮೂವರಲ್ಲಿ ಒಬ್ಬನೂ ತಾನು ಕಣ್ಣಾರೆ ಕಂಡದ್ದೇನು ಎಂಬುದನ್ನು ಹೇಳಲಿಲ್ಲ. ಮಣಿಕಟ್ಟು ಊದಿಕೊಂಡಿತ್ತೇ? ಅದರ ಆಕಾರ ಬದಲಾಗಿತ್ತೇ? ಬೆರಳುಗಳು ಆಡುತ್ತಿದ್ದವೇ? ಅವುಗಳ ಬಣ್ಣ ಹೇಗಿತ್ತು? ಆಸ್ಪತ್ರೆಯಲ್ಲಿ ವೈದ್ಯರು ಮೊದಲು ತಿಳಿಯಬಯಸುವುದು ಇದನ್ನೇ.

ಪಿ.ಯು.ಸಿ. ವಿಜ್ಞಾನ ಓದಿದ ಪ್ರತಿಯೊಬ್ಬರಿಗೂ ರಸಾಯನಶಾಸ್ತ್ರದ ಪ್ರಾಯೋಗಿಕ ಪುಸ್ತಕದ ಮೂರು ಅಂಕಣಗಳು ನೆನಪಿರುತ್ತವೆ: ಪ್ರಯೋಗ, ವೀಕ್ಷಣೆ, ನಿರ್ಣಯ. 'ಬಿಳಿಯ ಪ್ರಕ್ಷೇಪ ಬಂತು' ಎಂಬುದು ವೀಕ್ಷಣೆ. 'ಆದ್ದರಿಂದ ಕ್ಲೋರೈಡ್ ಇರಬಹುದು' ಎಂಬುದು ನಿರ್ಣಯ. ನಿರ್ಣಯವನ್ನು ತಂದು ವೀಕ್ಷಣೆಯ ಅಂಕಣದಲ್ಲಿ ಬರೆದ ವಿದ್ಯಾರ್ಥಿಗೆ ಅಂಕ ಕಡಿಮೆಯಾಗುತ್ತದೆ. ಗಾಯಾಳುವಿನ ವಿಷಯದಲ್ಲಿ ಅದೇ ತಪ್ಪು ನಡೆದರೆ ಹೋಗುವುದು ಅಂಕವಲ್ಲ. ಒಂದು ಕೈ ಹೋಗಬಹುದು, ಕೆಲವೊಮ್ಮೆ ಜೀವವೇ ಹೋಗಬಹುದು. ವೈದ್ಯರು ಗಾಯಾಳುವನ್ನು ಪರೀಕ್ಷಿಸುವಾಗ ಬಳಸುವ ಪದಗಳೆಲ್ಲ ಹುಟ್ಟಿದ್ದು ಈ ಎರಡು ಅಂಕಣಗಳನ್ನು ಬೇರೆ ಬೇರೆಯಾಗಿ ಇಡುವುದಕ್ಕಾಗಿಯೇ. ಅವುಗಳಲ್ಲಿ ಮುಖ್ಯವಾದ ಕೆಲವನ್ನಾದರೂ ವಿದ್ಯಾರ್ಥಿಗಳೂ ಅವರ ತಂದೆತಾಯಿಯರೂ ತಿಳಿದಿರುವುದು ಒಳ್ಳೆಯದು.

ಹೇಳಿದ್ದು ಮತ್ತು ಕಂಡದ್ದು

ಮೊದಲ ಜೋಡಿ ಪದ 'ಸಿಂಪ್ಟಮ್' ಮತ್ತು 'ಸೈನ್'. ಕನ್ನಡದಲ್ಲಿ ಎರಡನ್ನೂ 'ಲಕ್ಷಣ' ಎಂದೇ ಕರೆದು ಬಿಡುತ್ತೇವೆ. ವೈದ್ಯಕೀಯದಲ್ಲಿ ಮಾತ್ರ ಇವೆರಡೂ ಬೇರೆ. ಗಾಯಾಳು ತಾನಾಗಿ ಅನುಭವಿಸಿ ಹೇಳಿಕೊಳ್ಳುವುದು ಸಿಂಪ್ಟಮ್: ನೋವು, ತಲೆಸುತ್ತು, ವಾಕರಿಕೆ, ಬೆರಳು ಜೋಮು ಹಿಡಿದಿರುವುದು. ಪರೀಕ್ಷಿಸುವವರು ತಮ್ಮ ಇಂದ್ರಿಯಗಳಿಂದ ಕಂಡುಕೊಳ್ಳುವುದು ಸೈನ್, ಅಂದರೆ ಚಿಹ್ನೆ: ಊತ, ರಕ್ತಸ್ರಾವ, ಬಿಳುಚಿಕೊಂಡ ಚರ್ಮ, ವೇಗವಾದ ನಾಡಿ.

ಈ ಭೇದ ಎಷ್ಟು ಸೂಕ್ಷ್ಮವೆಂಬುದಕ್ಕೆ ನೋವೇ ಒಳ್ಳೆಯ ಉದಾಹರಣೆ. 'ಇಲ್ಲಿ ನೋಯುತ್ತದೆ' ಎಂದು ಹುಡುಗ ಹೇಳಿದರೆ ಅದು 'ಪೇನ್', ಸಿಂಪ್ಟಮ್. ವೈದ್ಯರು ಬೆರಳಿನಿಂದ ಮೆಲ್ಲಗೆ ಒತ್ತಿದಾಗ ಅವನು ಮುಖ ಕಿವುಚಿ ಕೈ ಎಳೆದುಕೊಂಡರೆ ಅದು 'ಟೆಂಡರ್‌ನೆಸ್', ಮುಟ್ಟಿದರೆ ನೋವು; ಇದು ಚಿಹ್ನೆ. ಇಡೀ ತೋಳು ನೋಯುತ್ತದೆ ಎನ್ನುವ ಮಗುವಿನಲ್ಲಿ ಮುಟ್ಟಿದರೆ ನೋವು ಒಂದೇ ಒಂದು ಬಿಂದುವಿನಲ್ಲಿ, ಅದೂ ಮೂಳೆಯ ಮೇಲೆಯೇ ಇದ್ದರೆ, ಅಲ್ಲಿ ಬಿರುಕು ಇದೆಯೇ ಎಂದು ಎಕ್ಸ್-ರೇ ತೆಗೆಸಿ ನೋಡಬೇಕಾಗುತ್ತದೆ. ಮಾತನಾಡಲಾರದ ಕೂಸು, ಪ್ರಜ್ಞೆ ಇಲ್ಲದವರು, ಕುಡಿದವರು ಇವರಿಂದ ಸಿಂಪ್ಟಮ್ ಸರಿಯಾಗಿ ಸಿಗುವುದಿಲ್ಲ. ಅಲ್ಲಿ ಚಿಹ್ನೆಗಳೇ ಗತಿ.

ಈ ಎರಡನ್ನೂ ಸೇರಿಸಿ, ಅಗತ್ಯವಾದ ಪರೀಕ್ಷೆ ಮಾಡಿಸಿ, ಕೊನೆಗೆ ಬರೆಯುವುದು 'ಡಯಾಗ್ನೋಸಿಸ್', ರೋಗನಿರ್ಣಯ. ಅದು ಮೂರನೆಯ ಅಂಕಣ. 'ಮುರಿದಿದೆ' ಎಂಬ ಮಾತು ಸೇರಬೇಕಾದದ್ದು ಅಲ್ಲಿ.

ನೋಡು, ಮುಟ್ಟು, ತಟ್ಟು, ಆಲಿಸು

ದೈಹಿಕ ಪರೀಕ್ಷೆಗೆ ನಾಲ್ಕು ಹೆಜ್ಜೆಗಳು. ಇವಕ್ಕೆ ಇಂಗ್ಲಿಷಿನಲ್ಲಿ 'ಇನ್‌ಸ್ಪೆಕ್ಷನ್', 'ಪ್ಯಾಲ್ಪೇಷನ್', 'ಪರ್ಕಷನ್', 'ಆಸ್ಕಲ್ಟೇಷನ್' ಎಂಬ ಭಾರವಾದ ಹೆಸರುಗಳಿವೆ. ಕನ್ನಡದಲ್ಲಿ ನಾಲ್ಕೇ ಕ್ರಿಯಾಪದಗಳು ಸಾಕು: ನೋಡು, ಮುಟ್ಟು, ತಟ್ಟು, ಆಲಿಸು. ನೋಡುವುದು, ಮುಟ್ಟುವುದು ಮತ್ತು ಕೇಳಿ ತಿಳಿಯುವುದು ನಮ್ಮ ಆಯುರ್ವೇದಕ್ಕೂ ಹೊಸದಲ್ಲ. ದರ್ಶನ, ಸ್ಪರ್ಶನ, ಪ್ರಶ್ನ ಎಂಬ ಮೂರು ಬಗೆಯ ಪರೀಕ್ಷೆಯನ್ನು ವಾಗ್ಭಟನ ಅಷ್ಟಾಂಗಹೃದಯ ಹೇಳುತ್ತದೆ.

ತಟ್ಟಿ ನೋಡುವುದನ್ನು ಕ್ರಮಬದ್ಧ ವಿಧಾನವಾಗಿ ಪ್ರಕಟಿಸಿದವನು ಆಸ್ಟ್ರಿಯದ ವೈದ್ಯ ಲಿಯೋಪೋಲ್ಡ್ ಆವೆನ್‌ಬ್ರುಗರ್. ಇವನ ತಂದೆ ಗ್ರಾಟ್ಸ್ ನಗರದಲ್ಲಿ ವಸತಿಗೃಹ ನಡೆಸುತ್ತಿದ್ದ. ಪೀಪಾಯಿಯನ್ನು ಹೊರಗಿನಿಂದ ತಟ್ಟಿ ಒಳಗೆ ಮದ್ಯ ಎಲ್ಲಿಯವರೆಗೆ ಇದೆ ಎಂದು ತಿಳಿಯುವ ಉಪಾಯವನ್ನು ಹುಡುಗ ಅಲ್ಲಿಯೇ ಕಲಿತನೆಂಬ ಕಥೆ ಪ್ರಚಲಿತ. 1761ರಲ್ಲಿ ಅವನು ಎದೆಯನ್ನು ತಟ್ಟಿ ಪರೀಕ್ಷಿಸುವ ಕುರಿತು ಪುಸ್ತಕ ಬರೆದ. ಅದಕ್ಕೆ ಹೆಚ್ಚಿನ ಮನ್ನಣೆ ಸಿಗಲಿಲ್ಲ. 1808ರಲ್ಲಿ ಫ್ರಾನ್ಸಿನ ವೈದ್ಯ ಕೊರ್ವಿಸಾರ್ ಅದನ್ನು ಫ್ರೆಂಚ್ ಭಾಷೆಗೆ ತಂದ ಮೇಲೆಯೇ ವಿಧಾನ ಎಲ್ಲೆಡೆ ಹಬ್ಬಿತು. 1816ರಲ್ಲಿ ಪ್ಯಾರಿಸ್ಸಿನ ಲಾಯೆನೆಕ್ ಕಾಗದವನ್ನು ಕೊಳವೆಯಂತೆ ಸುತ್ತಿ ರೋಗಿಯ ಎದೆಗಿಟ್ಟು ಆಲಿಸಿದ. ಇಂದು ಎಲ್ಲ ವೈದ್ಯರ ಕೊರಳಲ್ಲಿ ತೂಗುವ ಸ್ಟೆತೊಸ್ಕೋಪಿನ ಪೂರ್ವಜ ಆ ಕಾಗದದ ಸುರುಳಿ.

ಅಪಘಾತದಲ್ಲಿ ಎದೆಗೆ ಪೆಟ್ಟು ಬಿದ್ದವರನ್ನು ಪರೀಕ್ಷಿಸುವಾಗ ಈ ನಾಲ್ಕೂ ಒಟ್ಟಿಗೆ ಕೆಲಸಕ್ಕೆ ಬರುತ್ತವೆ. ಉಸಿರೆಳೆದಾಗ ಎದೆಯ ಎರಡೂ ಭಾಗ ಸಮವಾಗಿ ಏಳುತ್ತಿವೆಯೇ ಎಂದು ನೋಡುತ್ತಾರೆ. ಪಕ್ಕೆಲುಬುಗಳ ಮೇಲೆ ಕೈಯಾಡಿಸುತ್ತಾರೆ. ತಟ್ಟಿದಾಗ ಖಾಲಿ ಡಬ್ಬದಂತೆ ಟೊಳ್ಳು ಸದ್ದು ಬಂದರೆ ಶ್ವಾಸಕೋಶದ ಹೊರಗೆ ಗಾಳಿ ಸೇರಿರಬಹುದು. ತುಂಬಿದ ಕೊಡದಂತೆ ಮಂದವಾದ ಸದ್ದು ಬಂದರೆ ರಕ್ತ ತುಂಬಿರಬಹುದು. ಸ್ಟೆತೊಸ್ಕೋಪ್ ಇಟ್ಟಾಗ ಒಂದು ಕಡೆ ಉಸಿರಿನ ಸದ್ದೇ ಕೇಳದಿದ್ದರೆ ಸಂಶಯ ಬಲವಾಗುತ್ತದೆ.

ಮೊದಲು ಜೀವ, ಆಮೇಲೆ ಗಾಯ

ಕಣ್ಣಿಗೆ ಎದ್ದು ಕಾಣುವ ಗಾಯವೇ ಎಲ್ಲಕ್ಕಿಂತ ಅಪಾಯಕಾರಿ ಆಗಿರಬೇಕೆಂದಿಲ್ಲ. ಹೀಗಾಗಿ ಪರೀಕ್ಷೆಗೆ ಒಂದು ಕ್ರಮ ಬೇಕು. ಆ ಕ್ರಮ ರೂಪುಗೊಂಡದ್ದರ ಹಿಂದೆ ಒಂದು ದುರಂತವಿದೆ.

1976ರ ಫೆಬ್ರುವರಿಯಲ್ಲಿ ಅಮೆರಿಕದ ಜೇಮ್ಸ್ ಸ್ಟೈನರ್ ಎಂಬ ಮೂಳೆ ಶಸ್ತ್ರವೈದ್ಯರು ತಾವೇ ನಡೆಸುತ್ತಿದ್ದ ಸಣ್ಣ ವಿಮಾನ ನೆಬ್ರಾಸ್ಕ ರಾಜ್ಯದ ಹೊಲವೊಂದರಲ್ಲಿ ಅಪ್ಪಳಿಸಿತು. ಪತ್ನಿ ಮೃತಪಟ್ಟರು. ನಾಲ್ವರು ಮಕ್ಕಳಿಗೂ ಸ್ವತಃ ಅವರಿಗೂ ಗಾಯಗಳಾದವು. ಹೊಲದಲ್ಲಿ ಬರಿಗೈಯಲ್ಲಿ ತಾವು ಮಾಡಿದ ಆರೈಕೆಯಷ್ಟೂ ಸಮೀಪದ ಆಸ್ಪತ್ರೆಯಲ್ಲಿ ಮಕ್ಕಳಿಗೆ ಸಿಗಲಿಲ್ಲವೆಂಬುದು ಸ್ಟೈನರ್ ಅವರ ನೋವಾಗಿತ್ತು. ಅಲ್ಲಿನ ಸಿಬ್ಬಂದಿಗೆ ಇಂಥ ಗಾಯಾಳುಗಳನ್ನು ಯಾವ ಕ್ರಮದಲ್ಲಿ ನೋಡಬೇಕೆಂಬ ತರಬೇತಿ ಇರಲಿಲ್ಲ. ಆ ನೋವಿನಿಂದ ಹುಟ್ಟಿದ ತರಬೇತಿಯ ಮೊದಲ ಶಿಬಿರ 1978ರಲ್ಲಿ ನಡೆಯಿತು. 'ಎ.ಟಿ.ಎಲ್.ಎಸ್.' ಎಂಬ ಹೆಸರಿನಲ್ಲಿ ಅದು ಭಾರತವೂ ಸೇರಿದಂತೆ ಅನೇಕ ದೇಶಗಳ ವೈದ್ಯರಿಗೆ ಇಂದು ಕಲಿಸಲಾಗುವ ಪಾಠ.

ಅದರ ತಿರುಳು ಐದು ಅಕ್ಷರಗಳಲ್ಲಿದೆ. ಎ ಎಂದರೆ ಏರ್‌ವೇ, ಉಸಿರಿನ ದಾರಿ; ಅದರೊಂದಿಗೆ ಕುತ್ತಿಗೆ ಅಲುಗದಂತೆ ನೋಡಿಕೊಳ್ಳುವುದು. ಬಿ ಎಂದರೆ ಬ್ರೀದಿಂಗ್, ಉಸಿರಾಟ. ಸಿ ಎಂದರೆ ಸರ್ಕ್ಯುಲೇಷನ್, ರಕ್ತಪರಿಚಲನೆ. ಡಿ ಎಂದರೆ ಡಿಸೆಬಿಲಿಟಿ. ಇಲ್ಲಿ ಇದಕ್ಕೆ ಮಿದುಳು ಮತ್ತು ನರಗಳ ಸ್ಥಿತಿ ಎಂದರ್ಥ. ಇ ಎಂದರೆ ಎಕ್ಸ್‌ಪೋಷರ್, ಬಟ್ಟೆ ಸರಿಸಿ ಮೈಯೆಲ್ಲ ನೋಡುವುದು, ಹಾಗೆ ನೋಡುವಾಗ ಚಳಿಯಾಗದಂತೆ ಹೊದಿಸುವುದು. ಧಾರಾಕಾರವಾಗಿ ರಕ್ತ ಹರಿಯುತ್ತಿದ್ದರೆ ಶುಭ್ರವಾದ ಬಟ್ಟೆಯಿಂದ ಬಲವಾಗಿ ಒತ್ತಿ ಹಿಡಿಯುವ ಕೆಲಸ ಇವೆಲ್ಲಕ್ಕಿಂತ ಮೊದಲು. ಈ ಸುತ್ತಿಗೆ 'ಪ್ರೈಮರಿ ಸರ್ವೆ' ಎಂದು ಹೆಸರು. ಜೀವಕ್ಕೆ ತಕ್ಷಣದ ಅಪಾಯವಿಲ್ಲವೆಂದು ಖಚಿತವಾದ ಮೇಲೆಯೇ ನೆತ್ತಿಯಿಂದ ಅಂಗಾಲಿನವರೆಗೆ ನಿಧಾನವಾಗಿ ನೋಡುವ 'ಸೆಕೆಂಡರಿ ಸರ್ವೆ'.

ಇಲ್ಲಿ ಬರುವ ಅಂಕಿಗಳಲ್ಲಿ ಮುಖ್ಯವಾದವು ನಾಡಿ, ಉಸಿರು ಮತ್ತು ರಕ್ತದೊತ್ತಡ. ವಿಶ್ರಾಂತಿಯಲ್ಲಿರುವ ವಯಸ್ಕರ ನಾಡಿ ನಿಮಿಷಕ್ಕೆ 60ರಿಂದ 100, ಉಸಿರಾಟ 12ರಿಂದ 20. ಮಕ್ಕಳಲ್ಲಿ ಎರಡೂ ಹೆಚ್ಚು. ಇನ್ನೊಂದು ಸುಲಭದ ಪರೀಕ್ಷೆ ಬೆರಳ ತುದಿಯದು. ಉಗುರನ್ನು ಒತ್ತಿ ಹಿಡಿದರೆ ಅದು ಬಿಳುಚುತ್ತದೆ. ಬಿಟ್ಟಾಗ ಸುಮಾರು 2 ಸೆಕೆಂಡಿನೊಳಗೆ ಗುಲಾಬಿ ಬಣ್ಣ ಮರಳಬೇಕು. ಇದಕ್ಕೆ 'ಕ್ಯಾಪಿಲರಿ ರೀಫಿಲ್' ಎನ್ನುತ್ತಾರೆ. ತಡವಾದರೆ ತುದಿಗೆ ರಕ್ತ ಸರಿಯಾಗಿ ತಲಪುತ್ತಿಲ್ಲವೆಂಬ ಸಂಶಯ. ಚಳಿಯಲ್ಲಿ ತಣ್ಣಗಾದ ಕೈಯಲ್ಲೂ ತಡವಾಗುವುದುಂಟು; ಆದ್ದರಿಂದ ಇದೊಂದನ್ನೇ ನಂಬುವಂತಿಲ್ಲ.

'ಬಿ.ಪಿ. ಸರಿಯಿದೆ, ಇನ್ನೇನು ಭಯವಿಲ್ಲ' ಎಂಬ ಮಾತು ಆಸ್ಪತ್ರೆಯ ವರಾಂಡದಲ್ಲಿ ಆಗಾಗ ಕೇಳಿಬರುತ್ತದೆ. ಇದರಲ್ಲಿ ಅರ್ಧ ಸತ್ಯವಿದೆ ಅಷ್ಟೆ. ರಕ್ತ ಸೋರಿದಾಗ ದೇಹ ಮೊದಲು ಹೃದಯದ ಬಡಿತವನ್ನು ಹೆಚ್ಚಿಸಿ, ಚರ್ಮದ ರಕ್ತನಾಳಗಳನ್ನು ಸಂಕುಚಿಸಿ ಒತ್ತಡವನ್ನು ಕಾಪಾಡಿಕೊಳ್ಳುತ್ತದೆ. ಒಟ್ಟು ರಕ್ತದಲ್ಲಿ ಶೇಕಡ 30ರಷ್ಟು ಹೋಗುವವರೆಗೂ ಬಿ.ಪಿ. ಸ್ಪಷ್ಟವಾಗಿ ಇಳಿಯದಿರಬಹುದು. ಅಷ್ಟರೊಳಗೆ ನಾಡಿ ಏರಿರುತ್ತದೆ, ಕೈಕಾಲು ತಣ್ಣಗಾಗಿ ಬೆವರಿರುತ್ತವೆ, ಮುಖ ಬಿಳುಚಿರುತ್ತದೆ, ಗಾಯಾಳು ಚಡಪಡಿಸುತ್ತಿರುತ್ತಾನೆ. ಮಕ್ಕಳ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಮಕ್ಕಳಲ್ಲಿ ಪ್ರತಿ ಕಿಲೋ ತೂಕಕ್ಕೆ ಸುಮಾರು 80 ಮಿಲಿಲೀಟರ್ ರಕ್ತವಿರುತ್ತದೆ. 20 ಕಿಲೋ ತೂಗುವ ಮಗುವಿನ ಮೈಯಲ್ಲಿ ಇರುವುದೆಲ್ಲ ಸೇರಿ 1,600 ಮಿಲಿಲೀಟರ್. ಅದರಲ್ಲಿ ಒಂದು ದೊಡ್ಡ ಲೋಟದಷ್ಟು, ಅಂದರೆ 240 ಮಿಲಿಲೀಟರ್ ಹೋದರೆ ಶೇಕಡ 15 ಹೋದಂತೆ. ದೊಡ್ಡವರ ಕಣ್ಣಿಗೆ ಅಲ್ಪವೆನಿಸಿದ ರಕ್ತ ಮಗುವಿನ ಲೆಕ್ಕದಲ್ಲಿ ಅಲ್ಪವಲ್ಲ.

ಒಳಗೇ ಸೋರುವ ರಕ್ತ ಕಣ್ಣಿಗೂ ಬೀಳುವುದಿಲ್ಲ. ತೊಡೆಯ ಮೂಳೆ ಮುರಿದರೆ ವಯಸ್ಕರಲ್ಲಿ ಒಂದರಿಂದ ಒಂದೂವರೆ ಲೀಟರ್‌ವರೆಗೆ ರಕ್ತ ತೊಡೆಯೊಳಗೇ ಸೇರಬಹುದು. ಸೈಕಲ್ಲಿನಿಂದ ಬಿದ್ದ ಮಗುವಿನ ಹೊಟ್ಟೆಗೆ ಹ್ಯಾಂಡಲಿನ ತುದಿ ತಿವಿದಾಗ ಚರ್ಮದ ಮೇಲೆ ಸಣ್ಣ ದುಂಡು ಗುರುತು ಮಾತ್ರ ಇದ್ದು ಒಳಗೆ ಯಕೃತ್ತಿಗೋ ಗುಲ್ಮಕ್ಕೋ ಪೆಟ್ಟಾಗಿರಬಹುದು. ಹೊಟ್ಟೆಯ ಮೇಲೆ ಕೈಯಿಟ್ಟೊಡನೆ ಸ್ನಾಯುಗಳು ತಾವಾಗಿ ಬಿಗಿದುಕೊಳ್ಳುವುದಕ್ಕೆ 'ಗಾರ್ಡಿಂಗ್' ಎನ್ನುತ್ತಾರೆ. ಗುಲ್ಮ ಹರಿದಾಗ ಎಡ ಭುಜದಲ್ಲಿ ನೋವು ಕಾಣಿಸಿಕೊಳ್ಳುವುದೂ ಉಂಟು. ಇದು 'ಕೇರ್ಸ್ ಸೈನ್'. ನರಗಳ ಜಾಡಿನ ಕಾರಣದಿಂದ ಪೆಟ್ಟು ಒಂದೆಡೆ, ನೋವು ಇನ್ನೊಂದೆಡೆ. ಹೊಟ್ಟೆಗೆ ಪೆಟ್ಟು ತಿಂದ ಮಗು 'ಭುಜ ನೋಯುತ್ತದೆ' ಎಂದರೆ ಅದನ್ನು ಹುಡುಗಾಟವೆಂದು ತಳ್ಳಿಹಾಕಬಾರದು.

ಗಾಯಕ್ಕೊಂದು ಹೆಸರು

'ಗಾಯ' ಎಂಬ ಒಂದೇ ಪದದಲ್ಲಿ ಎಷ್ಟೋ ಬಗೆಗಳು ಅಡಗಿವೆ. ಚರ್ಮದ ಮೇಲ್ಪದರ ಮಾತ್ರ ಉಜ್ಜಿಹೋದರೆ ತರಚು ಗಾಯ, 'ಅಬ್ರೇಷನ್'. ಚರ್ಮ ಒಡೆಯದೆ ಒಳಗಿನ ಸಣ್ಣ ರಕ್ತನಾಳಗಳು ಒಡೆದು ಕಂದಿದರೆ ಮೂಗೇಟು, 'ಕಂಟ್ಯೂಷನ್'. ಮೊಂಡಾದ ವಸ್ತು ಬಡಿದು ಚರ್ಮ ಸೀಳಿ ಅಂಚು ಒರಟಾಗಿ ಹರಿದಿದ್ದರೆ ಹರಿದ ಗಾಯ, 'ಲ್ಯಾಸರೇಷನ್'. ಚಾಕು, ಗಾಜು, ಬ್ಲೇಡಿನಿಂದ ಅಂಚು ನೇರವಾಗಿ ಕೊಯ್ದಿದ್ದರೆ ಕೊಯ್ದ ಗಾಯ, 'ಇನ್‌ಸೈಸ್ಡ್ ವೂಂಡ್'. ಮೊಳೆಯಂತಹ ವಸ್ತು ಒಳಹೊಕ್ಕಿದ್ದರೆ ಚುಚ್ಚಿದ ಗಾಯ, 'ಪಂಕ್ಚರ್ ವೂಂಡ್'. ಇದರ ಬಾಯಿ ಚಿಕ್ಕದು, ಆಳ ಹೆಚ್ಚು, ಒಳಗೆ ಉಳಿದ ಕೊಳೆಯಿಂದ ಧನುರ್ವಾಯುವಿನ ಭಯವೂ ಹೆಚ್ಚು.

ಹೀಗೆ ವಿಂಗಡಿಸುವ ಬುದ್ಧಿ ಬಹಳ ಹಳೆಯದು. ಸುಶ್ರುತ ಸಂಹಿತೆಯಲ್ಲಿ ಪೆಟ್ಟಿನಿಂದಾಗುವ ಗಾಯಗಳನ್ನು ಛಿನ್ನ, ಭಿನ್ನ, ವಿದ್ಧ, ಕ್ಷತ, ಪಿಚ್ಚಿತ, ಘೃಷ್ಟ ಎಂದು ಆರು ಬಗೆಯಾಗಿ ಹೇಳಿದೆ. ಘೃಷ್ಟ ಎಂದರೆ ಉಜ್ಜಿದ್ದು, ಪಿಚ್ಚಿತ ಎಂದರೆ ಜಜ್ಜಿದ್ದು, ಛಿನ್ನ ಎಂದರೆ ಕತ್ತರಿಸಿದ್ದು, ವಿದ್ಧ ಎಂದರೆ ಚುಚ್ಚಿದ್ದು. ಮೂಳೆ ಮುರಿತವನ್ನು ಹನ್ನೆರಡು ಬಗೆಯಾಗಿಯೂ ಕೀಲು ತಪ್ಪುವುದನ್ನು ಆರು ಬಗೆಯಾಗಿಯೂ ಅದೇ ಗ್ರಂಥ ವಿಂಗಡಿಸುತ್ತದೆ.

ಗಾಯದ ಸುತ್ತಲಿನ ಪ್ರತಿಕ್ರಿಯೆಗೂ ಹೆಸರುಗಳಿವೆ. ಕೆಂಪು, ಊತ, ಬಿಸಿ, ನೋವು ಈ ನಾಲ್ಕನ್ನು ಉರಿಯೂತದ ಚಿಹ್ನೆಗಳೆಂದು ಕ್ರಿಸ್ತಶಕ ಮೊದಲನೆಯ ಶತಮಾನದಲ್ಲೇ ರೋಮಿನ ಸೆಲ್ಸಸ್ ಬರೆದಿಟ್ಟ. ಮೂಗೇಟಿನ ಬಣ್ಣವೋ ರಸಾಯನಶಾಸ್ತ್ರದ ಒಂದು ಪಾಠ. ಹೊರಚೆಲ್ಲಿದ ರಕ್ತದ ಹಿಮೋಗ್ಲೋಬಿನ್ ಒಡೆದು ಬಿಲಿವರ್ಡಿನ್ ಆದಾಗ ಹಸಿರು ಛಾಯೆ, ಅದು ಬಿಲಿರುಬಿನ್ ಆದಾಗ ಹಳದಿ. ಆದರೆ ಬಣ್ಣ ನೋಡಿ 'ಇದು ಇಂತಿಷ್ಟು ದಿನದ ಪೆಟ್ಟು' ಎಂದು ಖಚಿತವಾಗಿ ಹೇಳಲಾಗದು ಎಂಬುದು ಇಂದಿನ ತಿಳಿವಳಿಕೆ. ಚರ್ಮ, ವಯಸ್ಸು, ಪೆಟ್ಟಿನ ಆಳ ಎಲ್ಲವೂ ಲೆಕ್ಕಕ್ಕೆ ಬರುತ್ತವೆ.

ಈ ಪದಗಳ ತೂಕ ನ್ಯಾಯಾಲಯದಲ್ಲಿ ಚೆನ್ನಾಗಿ ಗೊತ್ತಾಗುತ್ತದೆ. ಹೊಡೆದಾಟದಲ್ಲಿ ಪೆಟ್ಟು ತಿಂದವರಿಗೆ ವೈದ್ಯರು ಕೊಡುವ ಗಾಯದ ಪ್ರಮಾಣಪತ್ರದಲ್ಲಿ 'ಕೊಯ್ದ ಗಾಯ' ಎಂದಿದ್ದರೆ ಹರಿತವಾದ ಆಯುಧದ ಪ್ರಶ್ನೆ ಏಳುತ್ತದೆ. 'ಹರಿದ ಗಾಯ' ಎಂದಿದ್ದರೆ ಕಲ್ಲು, ದೊಣ್ಣೆಯ ಪ್ರಶ್ನೆ. ಮೂಳೆ ಅಥವಾ ಹಲ್ಲು ಮುರಿದಿದ್ದರೆ, ಇಲ್ಲವೇ ಅದರ ಸ್ಥಾನ ತಪ್ಪಿದ್ದರೆ, ಕಾನೂನಿನ ಕಣ್ಣಿನಲ್ಲಿ ಅದು ತೀವ್ರ ಸ್ವರೂಪದ ಗಾಯ. ಹಿಂದಿನ ಭಾರತೀಯ ದಂಡ ಸಂಹಿತೆಯ 320ನೇ ಕಲಮಿನಲ್ಲಿ ಹೀಗಿತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 116ನೇ ಕಲಮಿನಲ್ಲೂ ಇದೆ. ತಲೆಯ ಮೇಲೆ ದೊಣ್ಣೆಯೇಟು ಬಿದ್ದಾಗ ಕೆಳಗೆ ಗಟ್ಟಿ ಮೂಳೆ ಇರುವುದರಿಂದ ಚರ್ಮ ಕತ್ತಿಯಿಂದ ಕೊಯ್ದಂತೆ ನೇರವಾಗಿ ಸೀಳುವುದುಂಟು. ಭೂತಗನ್ನಡಿ ಹಿಡಿದು ಅಂಚನ್ನೂ ಕೂದಲ ಬುಡವನ್ನೂ ನೋಡಿದಾಗ ಜಜ್ಜಿದ ಗುರುತು ಕಂಡು ನಿಜ ತಿಳಿಯುತ್ತದೆ. ಒಂದು ವಿಶೇಷಣ ತಪ್ಪಿದರೆ ನಿರಪರಾಧಿ ಸಿಕ್ಕಿಬೀಳಬಹುದು, ಅಪರಾಧಿ ಪಾರಾಗಬಹುದು.

ಯಾರ ಬಲ, ಯಾರ ಎಡ?

ಗಾಯ ಎಲ್ಲಿದೆ ಎಂದು ಹೇಳುವುದಕ್ಕೂ ಶಿಸ್ತು ಬೇಕು. ಎದುರು ನಿಂತವನ ಬಲ ಗಾಯಾಳುವಿನ ಎಡ. ಆದ್ದರಿಂದ ವೈದ್ಯಕೀಯದಲ್ಲಿ ಬಲ, ಎಡ ಎಂದರೆ ಸದಾ ಗಾಯಾಳುವಿನ ಬಲ, ಎಡ. ಮುಂಡಕ್ಕೆ ಹತ್ತಿರದ ತುದಿ 'ಪ್ರಾಕ್ಸಿಮಲ್', ದೂರದ್ದು 'ಡಿಸ್ಟಲ್'. ಮೊಣಕೈ ಮಣಿಕಟ್ಟಿಗಿಂತ ಪ್ರಾಕ್ಸಿಮಲ್. ಬೆರಳುಗಳು ಮಣಿಕಟ್ಟಿಗಿಂತ ಡಿಸ್ಟಲ್. ದೇಹದ ನಡುಗೆರೆಯ ಕಡೆ 'ಮೀಡಿಯಲ್', ಹೊರಬದಿಯ ಕಡೆ 'ಲ್ಯಾಟರಲ್'. ಹೀಗೆ ಹೇಳಿದರೆ ಗಾಯಾಳು ಮಲಗಿರಲಿ, ಬೋರಲು ಬಿದ್ದಿರಲಿ, ಗೊಂದಲವಿಲ್ಲ.

ಕಣ್ಣು ಮತ್ತು ಕೈ ಸರಿಯಾಗಿ ಗಮನಿಸಿದರೆ ಎಷ್ಟು ದೂರ ಹೋಗಬಹುದೆಂಬುದಕ್ಕೆ ಡಬ್ಲಿನ್ ನಗರದ ಏಬ್ರಹಾಂ ಕೋಲಿಸ್ ಸಾಕ್ಷಿ. ಅಂಗೈ ಊರಿ ಬಿದ್ದಾಗ ಮಣಿಕಟ್ಟಿನ ಬಳಿ ಆಗುವ ಮುರಿತವನ್ನು ಆತ 1814ರಲ್ಲಿ ವಿವರಿಸಿದ. ರಾಂಟ್‌ಜೆನ್ ಎಕ್ಸ್-ಕಿರಣ ಕಂಡುಹಿಡಿದದ್ದು 1895ರಲ್ಲಿ, ಅಂದರೆ 81 ವರ್ಷಗಳ ನಂತರ. ಈ ಮುರಿತದಲ್ಲಿ ಕೈ ಪಕ್ಕದಿಂದ ನೋಡಿದರೆ ಊಟದ ಮುಳ್ಳುಚಮಚದ ಬಾಗಿನಂತೆ ಕಾಣುತ್ತದೆ. ಹೀಗೆ ಆಕಾರ ಬದಲಾಗುವುದಕ್ಕೆ 'ಡಿಫಾರ್ಮಿಟಿ' ಎನ್ನುತ್ತಾರೆ. ಮುರಿದ ತುದಿಗಳು ಒಂದಕ್ಕೊಂದು ಉಜ್ಜಿ ಕರಕರ ಎನ್ನುವುದು 'ಕ್ರೆಪಿಟಸ್'. ಅದನ್ನು ಕೇಳಬೇಕೆಂದೇ ಯಾರೂ ಕೈ ಅಲುಗಿಸಿ ನೋಡಬಾರದು. ನೋವಿನ ಜೊತೆಗೆ ನರ, ರಕ್ತನಾಳಗಳಿಗೂ ಹಾನಿ.

ಕೈಕಾಲಿನ ಪೆಟ್ಟಿನಲ್ಲಿ ತಂದೆತಾಯಿಯರು ಮರೆಯಬಾರದ ಪದ 'ಡಿಸ್ಟಲ್'. ಗಾಯದ ಜಾಗವನ್ನು ನೋಡುವುದರ ಜೊತೆಗೆ ಅದಕ್ಕಿಂತ ಮುಂದಿನ ಬೆರಳುಗಳನ್ನೂ ನೋಡಬೇಕು. ಬಣ್ಣ ಹೇಗಿದೆ, ಬೆಚ್ಚಗಿವೆಯೇ, ಮುಟ್ಟಿದ್ದು ಗೊತ್ತಾಗುತ್ತದೆಯೇ, ಆಡಿಸಲು ಬರುತ್ತದೆಯೇ? ಕಟ್ಟು ಹಾಕಿಸಿದ ಮೇಲೆಯೂ ಈ ಪರೀಕ್ಷೆ ನಿಲ್ಲಬಾರದು. ಅದು ಆಸ್ಪತ್ರೆಯ ಪ್ಲಾಸ್ಟರ್ ಆಗಿರಲಿ, ಬಿದಿರು ದಬ್ಬೆಯ ನಾಟಿ ಕಟ್ಟಾಗಿರಲಿ, ಒಳಗೆ ಊತ ಹೆಚ್ಚಿದಾಗ ಬಿಗಿಯಾಗುತ್ತದೆ. ಬೆರಳು ಬಿಳುಚುವುದು ಇಲ್ಲವೇ ನೀಲಿಯಾಗುವುದು, ಜೋಮು, ಬೆರಳನ್ನು ಮೆಲ್ಲಗೆ ನೆಟ್ಟಗೆ ಮಾಡಿದರೆ ತಡೆಯಲಾರದ ನೋವು ಇವು ಕಾಣಿಸಿಕೊಂಡರೆ ಬೆಳಗಾಗಲೆಂದು ಕಾಯುವಂತಿಲ್ಲ. ರಕ್ತವಿಲ್ಲದೆ ಸ್ನಾಯುಗಳು ಉಳಿಯುವುದು ಕೆಲವೇ ಗಂಟೆ. ಆಮೇಲೆ ಅವು ಸತ್ತು ಒಣಗಿ ಕೈ ಕೊಕ್ಕೆಯಂತೆ ಮುದುಡಿಕೊಳ್ಳುತ್ತದೆ. 1881ರಲ್ಲಿ ಇದನ್ನು ವಿವರಿಸಿದ ಜರ್ಮನಿಯ ವೈದ್ಯ ಫೋಕ್‌ಮನ್ನನ ಹೆಸರೇ ಈ ಊನಕ್ಕೆ ಬಂದಿದೆ. 'ಕಟ್ಟು ಹಾಕಿದರೆ ನೋವು ಸಹಜ, ಸುಮ್ಮನಿರು' ಎಂಬ ಸಮಾಧಾನದ ಮಾತು ಇಂಥ ಹೊತ್ತಿನಲ್ಲಿ ಮಗುವಿನ ಕೈಗೇ ಮುಳುವಾಗಬಹುದು.

'ಅರೆಪ್ರಜ್ಞೆ' ಎಂದರೆ ಎಷ್ಟು?

ತಲೆಗೆ ಪೆಟ್ಟಾದಾಗ ಪದಗಳ ಮಹತ್ವ ಇನ್ನೂ ಹೆಚ್ಚು. 'ಅರೆಪ್ರಜ್ಞೆ', 'ಮಂಪರು', 'ಜ್ಞಾನ ಇಲ್ಲ' ಎಂಬ ಮಾತುಗಳಿಗೆ ಒಬ್ಬೊಬ್ಬರಲ್ಲಿ ಒಂದೊಂದು ಅರ್ಥ. ಸಂಜೆಯ ಪಾಳಿಯ ನರ್ಸ್ 'ಮಂಪರು' ಎಂದು ಬರೆದಿದ್ದನ್ನು ರಾತ್ರಿಯ ಪಾಳಿಯವರು ಹೇಗೆ ಅರ್ಥ ಮಾಡಿಕೊಳ್ಳಬೇಕು? ಸ್ಥಿತಿ ಸುಧಾರಿಸಿದೆಯೋ ಕೆಟ್ಟಿದೆಯೋ ತಿಳಿಯುವುದು ಹೇಗೆ? ಈ ಕಷ್ಟಕ್ಕೆ 1974ರಲ್ಲಿ ಸ್ಕಾಟ್ಲೆಂಡಿನ ಗ್ಲ್ಯಾಸ್ಗೋ ನಗರದ ಗ್ರಹಾಂ ಟೀಸ್‌ಡೇಲ್ ಮತ್ತು ಬ್ರಯನ್ ಜೆನೆಟ್ ಪರಿಹಾರ ಕೊಟ್ಟರು. ಅದೇ 'ಗ್ಲ್ಯಾಸ್ಗೋ ಕೋಮಾ ಸ್ಕೇಲ್'.

ಇದರಲ್ಲಿ ನೋಡುವುದು ಮೂರನ್ನು. ಕಣ್ಣಿಗೆ ಹೆಚ್ಚೆಂದರೆ 4 ಅಂಕ: ತಾನಾಗಿ ತೆರೆದಿದ್ದರೆ 4, ಕರೆದಾಗ ತೆರೆದರೆ 3, ನೋವಿಗೆ ಮಾತ್ರ ತೆರೆದರೆ 2, ತೆರೆಯದಿದ್ದರೆ 1. ಮಾತಿಗೆ 5: ತಾನು ಯಾರು, ಎಲ್ಲಿದ್ದೇನೆ ಎಂದು ಸರಿಯಾಗಿ ಹೇಳಿದರೆ 5, ಗೊಂದಲದ ಮಾತಿಗೆ 4, ಸಂಬಂಧವಿಲ್ಲದ ಪದಗಳಿಗೆ 3, ಬರೀ ನರಳಿದರೆ 2, ಸದ್ದೇ ಇಲ್ಲದಿದ್ದರೆ 1. ಚಲನೆಗೆ 6: ಹೇಳಿದಂತೆ ಕೈ ಎತ್ತಿದರೆ 6, ನೋವಿನ ಜಾಗಕ್ಕೆ ಕೈ ತಂದರೆ 5, ನೋವಿನಿಂದ ಕೈ ಹಿಂದೆಳೆದುಕೊಂಡರೆ 4, ಕೈ ಅಸಹಜವಾಗಿ ಮಡಚಿಕೊಂಡರೆ 3, ಸೆಟೆದುಕೊಂಡರೆ 2, ಅಲುಗದಿದ್ದರೆ 1. ಒಟ್ಟು 15. ಏನೂ ಪ್ರತಿಕ್ರಿಯೆ ಇಲ್ಲದವರಿಗೂ 3 ಅಂಕ ಇರುತ್ತದೆ, ಸೊನ್ನೆ ಎಂಬುದಿಲ್ಲ. 13ರಿಂದ 15 ಸೌಮ್ಯ, 9ರಿಂದ 12 ಮಧ್ಯಮ, 8 ಅಥವಾ ಅದಕ್ಕಿಂತ ಕಡಿಮೆ ತೀವ್ರ ಪೆಟ್ಟು.

ಗಮನಿಸಬೇಕಾದ ಅಂಶವೆಂದರೆ ಈ ಅಂಕಪಟ್ಟಿಯಲ್ಲಿ ಊಹೆಗೆ ಜಾಗವೇ ಇಲ್ಲ. ಕಣ್ಣು ತೆರೆದನೇ, ಏನು ಮಾತನಾಡಿದ, ಕೈ ಎತ್ತಿದನೇ ಎಂಬ ವೀಕ್ಷಣೆಗಳಷ್ಟೇ ಇವೆ. ತಾಲ್ಲೂಕು ಆಸ್ಪತ್ರೆಯಿಂದ ಬೆಂಗಳೂರಿನ ನಿಮ್ಹಾನ್ಸ್‌ಗೆ ಗಾಯಾಳುವನ್ನು ಕಳಿಸುವಾಗ 'ಸಂಜೆ 4ಕ್ಕೆ 15, 6ಕ್ಕೆ 13' ಎಂದು ಚೀಟಿಯಲ್ಲಿ ಬರೆದಿದ್ದರೆ, ಅಲ್ಲಿನ ವೈದ್ಯರಿಗೆ ಆ ಎರಡು ಅಂಕಗಳ ಇಳಿತವೇ ದೊಡ್ಡ ಎಚ್ಚರಿಕೆ. 13ನ್ನು ಮಾತ್ರ ನೋಡಿದರೆ 'ಸೌಮ್ಯ' ಎನಿಸಬಹುದು. ಇಳಿಯುತ್ತಿದೆ ಎಂಬುದೇ ಮುಖ್ಯ ವಿಷಯ.

ಏಕೆಂದರೆ ತಲೆಯ ಪೆಟ್ಟಿನಲ್ಲಿ ಮೋಸದ ಹಂತವೊಂದಿದೆ. ಕಣತಲೆಯ ಬಳಿ ತಲೆಬುರುಡೆ ತೆಳು. ಅದರ ಒಳಬದಿಯಲ್ಲಿ ಒಂದು ಅಪಧಮನಿ ಹಾದುಹೋಗುತ್ತದೆ. ಪೆಟ್ಟಿನಿಂದ ಅದು ಹರಿದರೆ ಬುರುಡೆ ಮತ್ತು ಮಿದುಳಿನ ಹೊದಿಕೆಯ ನಡುವೆ ರಕ್ತ ಸೇರತೊಡಗುತ್ತದೆ. ಬಿದ್ದವರು ಕ್ಷಣಕಾಲ ಎಚ್ಚರ ತಪ್ಪಿ, ಎದ್ದು, ಮಾತನಾಡಿ, ನಡೆದಾಡಿ, ಕೆಲವು ಗಂಟೆಗಳ ನಂತರ ಮತ್ತೆ ಕುಸಿಯುವುದುಂಟು. ನಡುವಿನ ಈ ಚೆನ್ನಾಗಿರುವ ಅವಧಿಗೆ 'ಲೂಸಿಡ್ ಇಂಟರ್ವಲ್' ಎಂದು ಹೆಸರು. 2009ರ ಮಾರ್ಚ್‌ನಲ್ಲಿ ಬ್ರಿಟಿಷ್ ನಟಿ ನತಾಶಾ ರಿಚರ್ಡ್‌ಸನ್ ಕೆನಡಾದಲ್ಲಿ ಹಿಮದ ಮೇಲೆ ಜಾರುವ ಆಟ ಕಲಿಯುವಾಗ ಬಿದ್ದರು. ತಮಗೇನೂ ಆಗಿಲ್ಲವೆಂದೇ ಹೇಳಿದರು. ಆಮೇಲೆ ತಲೆನೋವು ಕಾಣಿಸಿತು. ಎರಡು ದಿನಗಳಲ್ಲಿ ಅವರು ತೀರಿಕೊಂಡರು. ಕಾರಣ ಇದೇ ಬಗೆಯ ರಕ್ತಸ್ರಾವ. ಸಕಾಲಕ್ಕೆ ಸಿ.ಟಿ. ಸ್ಕ್ಯಾನ್ ಮಾಡಿ ಶಸ್ತ್ರಚಿಕಿತ್ಸೆಯಿಂದ ರಕ್ತ ತೆಗೆದರೆ ಇಂಥವರಲ್ಲಿ ಅನೇಕರು ಪೂರ್ಣ ಗುಣವಾಗುತ್ತಾರೆ ಎಂಬುದೇ ಇಲ್ಲಿನ ಸಂಕಟ.

ಆದ್ದರಿಂದ ಮಗು ತಲೆಗೆ ಪೆಟ್ಟು ಮಾಡಿಕೊಂಡರೆ 'ಈಗ ಚೆನ್ನಾಗಿದ್ದಾನೆ' ಎಂಬಲ್ಲಿಗೆ ಗಮನ ನಿಲ್ಲಬಾರದು. ಮೊದಲ 24 ಗಂಟೆ ವಿಶೇಷ ನಿಗಾ ಬೇಕು. ಮತ್ತೆ ಮತ್ತೆ ವಾಂತಿ, ಹೆಚ್ಚುತ್ತ ಹೋಗುವ ತಲೆನೋವು, ಎಬ್ಬಿಸಿದರೂ ಸರಿಯಾಗಿ ಎಚ್ಚರವಾಗದಿರುವುದು, ಅಸಂಬದ್ಧ ಮಾತು, ಫಿಟ್ಸ್, ಕೈಕಾಲಿನ ಒಂದು ಬದಿ ಸೋಲುವುದು, ಕಣ್ಣಿನ ಪಾಪೆಗಳಲ್ಲಿ ಒಂದು ದೊಡ್ಡದು ಒಂದು ಚಿಕ್ಕದು, ಕಿವಿ ಅಥವಾ ಮೂಗಿನಿಂದ ನೀರಿನಂತಹ ದ್ರವ ಇಲ್ಲವೇ ರಕ್ತ ಇವುಗಳಲ್ಲಿ ಒಂದು ಕಂಡರೂ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಬೇಕು. ಕಿವಿಯ ಹಿಂದೆ ಕಂದು ನೀಲಿ ಕಲೆ ಕಾಣಿಸಿದರೆ ಅದು ಬುರುಡೆಯ ತಳದ ಮುರಿತದ ಗುರುತಾಗಿರಬಹುದು. 'ಬ್ಯಾಟಲ್ಸ್ ಸೈನ್' ಎಂಬ ಈ ಚಿಹ್ನೆ ಮೂಡಲು ಒಂದು ದಿನವೋ ಅದಕ್ಕಿಂತ ಹೆಚ್ಚೋ ಹಿಡಿಯುವುದರಿಂದ ಮೊದಲ ದಿನ ಕಾಣಲಿಲ್ಲವೆಂದು ನಿಶ್ಚಿಂತರಾಗುವಂತಿಲ್ಲ.

ಫೋನಿನಲ್ಲಿ ಹೇಳಬೇಕಾದದ್ದು

ಕರ್ನಾಟಕದಲ್ಲಿ 108 ಆಂಬುಲೆನ್ಸ್ ಸೇವೆ 2008ರಿಂದ ಇದೆ. ಈಗ 112 ಕೂಡ ತುರ್ತು ಕರೆಯ ಸಂಖ್ಯೆ. ಕರೆ ಮಾಡಿದವರು 'ಬೇಗ ಬನ್ನಿ, ತುಂಬಾ ಸೀರಿಯಸ್' ಎಂದಷ್ಟೇ ಹೇಳಿದರೆ ಆಚೆ ಬದಿಯವರಿಗೆ ತಿಳಿಯುವುದು ಅಲ್ಪ. 'ಇಂಥ ಊರಿನ ಬಸ್ ನಿಲ್ದಾಣದ ಎದುರು, ಬೈಕಿನಿಂದ ಬಿದ್ದವರು ಒಬ್ಬರು, ಸುಮಾರು 30 ವಯಸ್ಸು. ಉಸಿರಾಡುತ್ತಿದ್ದಾರೆ. ಕರೆದರೆ ಕಣ್ಣು ಬಿಡುತ್ತಾರೆ, ಆದರೆ ಹೆಸರು ಹೇಳುತ್ತಿಲ್ಲ. ಬಲ ತೊಡೆ ಊದಿ ಬಾಗಿದೆ. ತಲೆಯಿಂದ ರಕ್ತ ಬರುತ್ತಿದೆ, ಬಟ್ಟೆ ಒತ್ತಿ ಹಿಡಿದಿದ್ದೇವೆ. ಬಿದ್ದು ಹತ್ತು ನಿಮಿಷವಾಯಿತು' ಎಂದರೆ ಅದರಲ್ಲಿ ಒಂದೂ ಇಂಗ್ಲಿಷ್ ಪಾರಿಭಾಷಿಕ ಪದವಿಲ್ಲ. ಆದರೂ ವೈದ್ಯರಿಗೆ ಬೇಕಾದದ್ದು ಬಹುಮಟ್ಟಿಗೆ ಇದೆ.

ನೆರವಾದರೆ ಪೊಲೀಸು, ಕೋರ್ಟು ಎಂದು ಅಲೆಯಬೇಕಾದೀತೆಂಬ ಭಯದಿಂದ ಹಿಂದೆ ಸರಿಯುವವರು ಇಂದಿಗೂ ಇದ್ದಾರೆ. 2016ರಲ್ಲಿ ಸರ್ವೋಚ್ಚ ನ್ಯಾಯಾಲಯ ಇಂಥ ನೆರವಿಗರ ರಕ್ಷಣೆಯ ಮಾರ್ಗಸೂಚಿಗೆ ಮನ್ನಣೆ ನೀಡಿತು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿ ತಂದು 134-ಎ ಎಂಬ ಕಲಮನ್ನೇ ಸೇರಿಸಲಾಯಿತು. ಸದುದ್ದೇಶದಿಂದ ನೆರವಾದವರ ಮೇಲೆ ಮೊಕದ್ದಮೆ ಹೂಡುವಂತಿಲ್ಲ. ಹೆಸರು, ವಿಳಾಸ ಕೊಡುವಂತೆ ಬಲವಂತ ಮಾಡುವಂತಿಲ್ಲ.

ನೆರವಿನ ಆತುರದಲ್ಲಿ ಮಾಡಬಾರದ ಕೆಲಸಗಳೂ ಇವೆ. ಬೆಂಕಿ, ವಾಹನಗಳಂಥ ಅಪಾಯ ಇಲ್ಲದಿದ್ದರೆ ಗಾಯಾಳುವನ್ನು ಎತ್ತಿ ಕೂರಿಸಬಾರದು, ಕುತ್ತಿಗೆ ತಿರುಗಿಸಬಾರದು. ಅರೆಎಚ್ಚರದಲ್ಲಿರುವವರ ಬಾಯಿಗೆ ನೀರು ಹಾಕಬಾರದು. ಅದು ಶ್ವಾಸನಾಳಕ್ಕೆ ಇಳಿಯಬಹುದು. ಒಳಗೆ ನೆಟ್ಟಿರುವ ಗಾಜು, ಕಬ್ಬಿಣವನ್ನು ಕೀಳಬಾರದು. ಉಳುಕೆಂದು ಎಳೆಯಬಾರದು, ಉಜ್ಜಬಾರದು.

ಪ್ರೌಢಶಾಲೆಯ ವಿದ್ಯಾರ್ಥಿಗಳು ಇದನ್ನು ಮನೆಯಲ್ಲೇ ಅಭ್ಯಾಸ ಮಾಡಬಹುದು. ಗಡಿಯಾರ ಹಿಡಿದು ತಂದೆಯ ನಾಡಿಯನ್ನು ಒಂದು ನಿಮಿಷ ಎಣಿಸಲಿ. ಅಜ್ಜಿಯ ಉಸಿರನ್ನು ಅವರಿಗೆ ತಿಳಿಯದಂತೆ ಎಣಿಸಲಿ, ತಿಳಿದರೆ ಉಸಿರಿನ ಗತಿ ಬದಲಾಗುತ್ತದೆ. ತಮ್ಮನ ಮೊಣಕಾಲಿನ ತರಚು ಗಾಯವನ್ನು ಅದರ ಉದ್ದ, ಅಗಲ, ಬಣ್ಣ, ಮಂಡಿಚಿಪ್ಪಿನಿಂದ ಎಷ್ಟು ಬೆರಳು ಕೆಳಗೆ ಎಂಬುದನ್ನು ಸೇರಿಸಿ ಎರಡು ಸಾಲಿನಲ್ಲಿ ಬರೆಯಲಿ. ಬರೆದದ್ದನ್ನು ಗಾಯ ನೋಡದ ಇನ್ನೊಬ್ಬರು ಓದಿ ಕಾಗದದ ಮೇಲೆ ಅದರ ಜಾಗವನ್ನು ಗುರುತಿಸಲಿ. ಗುರುತು ಸರಿಯಾದ ಜಾಗದಲ್ಲಿ ಬಿದ್ದರೆ ಬರವಣಿಗೆ ಸರಿಯಿದೆ ಎಂದರ್ಥ. ತಪ್ಪಿದರೆ ಯಾವ ಪದ ದಾರಿ ತಪ್ಪಿಸಿತೆಂದು ಇಬ್ಬರೂ ಕೂತು ಹುಡುಕಬಹುದು.